ದೂರದಲ್ಲಿ ಕಂಡ ಮಗ

ಭರತಖಂಡದ ನುಡಿಗಳನ್ನೆಲ್ಲ ಎಣಿಸಿ ಅಳೆದು ಬರೆದಿಡಬೇಕೆಂದು ಜಾರ್ಜ್ ಗ್ರಿಯರ್ಸನ್ ಎಂಬ ಪಂಡಿತನು ಕೈಕೊಂಡ ಮಹಾಕಾರ್ಯದಲ್ಲಿ ಒಂದು ವಿಚಿತ್ರವಾದ ಸಂಗತಿಯುಂಟು. ಪ್ರತಿಯೊಂದು ನುಡಿಯಿಂದಲೂ ಒಂದೇ ಕಥೆಯ ಮಾದರಿಯನ್ನು ಬರೆಯಿಸಿ ತರಿಸಬೇಕೆಂದು ಆತನು ಗೊತ್ತುಮಾಡಿದನು. ಆ ಕಥೆಯು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಬರುವ ತಪ್ಪಿಹೋದ ಮಗನ ದೃಷ್ಟಾಂತವು. ಇದನ್ನು ಆರಿಸಿಕೊಂಡುದಕ್ಕೆ ಕಾರಣವು ಕಥೆಯ ಕರುಣೆಯಲ್ಲ. ಮೂರು ಪುರುಷಗಳ ಸರ್ವನಾಮಗಳೂ, ಬಹುಮಟ್ಟಿಗೆ ಎಲ್ಲ ವಿಭಕ್ತಿಗಳೂ, ಭೂತ ಭವಿಷ್ಯದ್ವರ್ತಮಾನಗಳೆಂಬ ಮೂರು ಕಾಲದ ಕ್ರಿಯಾಪದಗಳೂ ಇದರಲ್ಲಿ ಒಂದೆಡೆಯಲ್ಲಿಯೇ ದೊರಕುತ್ತವೆ ಎಂಬುದೇ ಕಾರಣವು. ಹೀಗೆ ವ್ಯಾಕರಣದ ಅನುಕೂಲಕ್ಕಾಗಿ ಹಳ್ಳಿಹಳ್ಳಿಯ ನಾಲಗೆಯ ಮೇಲೆ ಒಬ್ಬ ತಂದೆಯೂ ಅವನ ಇಬ್ಬರು ಮಕ್ಕಳೂ ನಡೆದಾಡಿದರು. 1906ರಲ್ಲಿ ಹೊರಬಂದ ನಾಲ್ಕನೆಯ ಸಂಪುಟದಲ್ಲಿ ದ್ರಾವಿಡ ಭಾಷೆಗಳ ನಡುವೆ ಕನ್ನಡದ ಮಾದರಿಗಳೂ ಇವೆ. ಆದರೆ ನಿಜಾಮನ ಸಂಸ್ಥಾನವು ಆ ಸಮೀಕ್ಷೆಯ ಎಲ್ಲೆಯೊಳಕ್ಕೆ ಬರಲಿಲ್ಲವಾದುದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಬಾಯಿಂದ ಆ ಕಥೆಯನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ನಷ್ಟವು ಭಾಷಾಶಾಸ್ತ್ರಕ್ಕೆ ಮಾತ್ರವಲ್ಲ. ಈ ಸೀಮೆಯ ಮಾತಿನಲ್ಲಿ ಆ ಕಥೆಗೆ ಬೇಕಾದ ಒಂದು ಶಬ್ದವಿದ್ದಿತು. ಅದರ ವಿಚಾರವು ಮುಂದೆ ಬರುವುದು.

ಕಥೆಯಾದರೋ ಇಲ್ಲಿಗೆ ಹೊಸದಲ್ಲ. ಕುಷ್ಟಗಿಗೆ ಸಮೀಪದ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಯ ಕಾಲದಿಂದಲೂ ಕ್ರೈಸ್ತ ಒಕ್ಕಲು ನೆಲೆಸಿದೆ. ತುಂಗಭದ್ರೆಯ ಆಚೆಯ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸನೂ ಅವನ ಜೊತೆಗಾರನಾದ ವಿಲಿಯಂ ರೀವನೂ ಕೂಡಿ ದುಡಿದುದರ ಫಲವಾಗಿ 1831ರ ಹೊತ್ತಿಗೆ ಬೈಬಲು ಪೂರ್ಣವಾಗಿ ಕನ್ನಡಕ್ಕೆ ಇಳಿಯಿತು. ಆ ಮೇಲೆ ಬಾಸೆಲ್ ಮಿಶನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಯೂರಿದರು. ಅವರಲ್ಲಿ ಒಬ್ಬನಾದ ಕಿಟ್ಟೆಲನು 1862ರಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ಯೇಸುವಿನ ಚರಿತ್ರವನ್ನು ಕನ್ನಡದ ಮಟ್ಟುಗಳಲ್ಲಿ ಹಾಡಿಸಿದನು. ಮತಪ್ರಚಾರದ ಗುಣದೋಷಗಳು ಬೇರೆಯ ವಿಷಯ. ಸಾಹಿತ್ಯವಾಗಿ ನೋಡಿದರೆ ಈ ಕಥೆಗೆ ಕನ್ನಡದಲ್ಲಿ ದೊರೆತುದು ಬೋಧಕರ ವ್ಯಾಖ್ಯಾನವೇ ಹೊರತು ವಿಮರ್ಶಕರ ಪರೀಕ್ಷೆಯಲ್ಲ. ಪಂಪ ರನ್ನರ ಒಂದೊಂದು ಪದ್ಯವನ್ನು ತೂಗಿ ನೋಡುವ ಕೈಗಳು ಇದನ್ನು ನೀತಿಪಾಠವೆಂದು ಬದಿಗಿರಿಸಿದುವು.

ಸಾಮಾನ್ಯವಾಗಿ ಹೇಳುವ ವ್ಯಾಖ್ಯಾನವು ಇದು: ಮನುಷ್ಯನು ಎಷ್ಟೇ ಕೆಟ್ಟರೂ ಅವನೊಳಗೆ ಎಲ್ಲಿಯೋ ಒಂದು ಒಳಿತಿನ ಕಿಡಿಯು ಉಳಿದಿರುತ್ತದೆ; ಕರುಣಾಳುವಾದ ತಂದೆಯು ಆ ಕಿಡಿಯನ್ನು ಕಂಡನು; ಆದುದರಿಂದ ಮಗನನ್ನು ಕ್ಷಮಿಸಿದನು. ಕೇಳಲು ಇಂಪಾದ ಮಾತು. ಆದರೆ ಕಥೆಯಲ್ಲಿ ಇದು ಇಲ್ಲ. ಮಗನಲ್ಲಿ ಯಾವ ಗುಣವಿದ್ದಿತೆಂದು ಕಥೆಗಾರನು ಒಂದು ಕಡೆಯಲ್ಲಿಯೂ ಹೇಳುವುದಿಲ್ಲ. ಅವನು ದಾನಿಯಲ್ಲ, ಶೂರನಲ್ಲ, ಸತ್ಯವಂತನಲ್ಲ. ಮನೆಗೆ ಹಿಂದಿರುಗುವ ಯೋಚನೆಯಾದರೂ ಅವನಿಗೆ ಹುಟ್ಟಿದುದು ಹೊಟ್ಟೆಯ ಹಸಿವಿನಿಂದ. ತಂದೆಯ ಮನೆಯ ಕೂಲಿಯಾಳುಗಳಿಗೆ ತಿಂದು ಮಿಗುವಷ್ಟು ರೊಟ್ಟಿಯಿದೆಯೆಂಬ ನೆನಪೇ ಅವನ ಪಶ್ಚಾತ್ತಾಪದ ಮೊದಲ ಮೆಟ್ಟಿಲು. ಇಂಥವನಲ್ಲಿ ಅಡಗಿರುವ ಮಾಣಿಕ್ಯವನ್ನು ಹುಡುಕಿ ತೆಗೆಯುವುದು ವ್ಯಾಖ್ಯಾನಕಾರರ ಔದಾರ್ಯವೇ ಹೊರತು ಕಥೆಯ ಅರ್ಥವಲ್ಲ.

ಈ ತಪ್ಪು ತಿಳಿವಳಿಕೆಗೆ ಕನ್ನಡದ ವಿಮರ್ಶೆಯ ಒಂದು ಒಳ್ಳೆಯ ಅಭ್ಯಾಸವೇ ಕಾರಣವಾಗಿರಬಹುದು. ದೋಷಿಯಲ್ಲಿ ಗುಣವನ್ನು ಕಾಣುವ ವಿದ್ಯೆಯಲ್ಲಿ ಹಳಗನ್ನಡದ ಕವಿಗಳು ಯಾರಿಗೂ ಕಡಮೆಯಾದವರಲ್ಲ. ರನ್ನನ ದುರ್ಯೋಧನನು ಕುರುಕ್ಷೇತ್ರದ ಹೆಣಗಳ ನಡುವೆ ನಡೆದುಹೋಗುವಾಗ ಹಗೆಯ ಮಗನಾದ ಅಭಿಮನ್ಯುವಿನ ದೇಹವನ್ನು ಕಂಡು ಅವನ ಪರಾಕ್ರಮಕ್ಕೆ ತಲೆಬಾಗುತ್ತಾನೆ. ನಾಗಚಂದ್ರನ ರಾವಣನು ಸೀತೆಯ ಅಚಲವಾದ ಪತಿಭಕ್ತಿಯನ್ನು ನೋಡಿ ತನ್ನ ಕಾರ್ಯಕ್ಕೆ ತಾನೇ ಹೇಸುತ್ತಾನೆ. ಅವಳನ್ನು ಹಿಂದಕ್ಕೆ ಕೊಡಬೇಕೆಂದು ನಿಶ್ಚಯಿಸಿಯೂ, ಅಂಜಿ ಕೊಟ್ಟನೆಂಬ ಅಪವಾದಕ್ಕೆ ಒಳಗಾಗಲಾರದೆ, ಗೆದ್ದು ಕೊಡುವೆನೆಂಬ ಹಟದಿಂದ ಅಳಿಯುತ್ತಾನೆ. ಗ್ರೀಕರ ರುದ್ರನಾಟಕದ ಅಳತೆಗೋಲನ್ನು ಕನ್ನಡಕ್ಕೆ ತಂದ ಬಿ. ಎಂ. ಶ್ರೀಕಂಠಯ್ಯನವರೂ ಅವರ ಪೀಳಿಗೆಯವರೂ ಈ ಪಾತ್ರಗಳ ಹಿರಿಮೆಯನ್ನು ಎತ್ತಿ ತೋರಿಸಿ ಕನ್ನಡಿಗರ ಕಣ್ಣನ್ನು ತೆರೆಯಿಸಿದರು. ಅದು ಉಪಕಾರವೇ ಸರಿ. ಆದರೆ ಆ ಕಣ್ಣು ಕಾಣುವುದು ಯಾರನ್ನು? ಚಕ್ರವರ್ತಿಗಳನ್ನು, ಖಚರರಾಜರನ್ನು, ಮಹಾವೀರರನ್ನು. ಬೀಳಬೇಕಾದರೆ ಮೊದಲು ಎತ್ತರದಲ್ಲಿರಬೇಕು. ತಂದೆಯ ಪಾಲನ್ನು ತಿಂದುಹಾಕಿ ಹಂದಿಗಳನ್ನು ಕಾಯುವವನಿಗೆ ಆ ಕಾವ್ಯಸಭೆಯಲ್ಲಿ ಆಸನವಿಲ್ಲ. ರನ್ನನು ಅಜಿತಪುರಾಣದಲ್ಲಿ, 993ರಲ್ಲಿ, ಅತ್ತಿಮಬ್ಬೆಯ ಚರಿತವು ಎಷ್ಟು ಪವಿತ್ರವೆಂದು ಹೇಳಲು ಹೋಲಿಕೆಗಳನ್ನು ಹುಡುಕುವಾಗ ಕೊಪಣದ ಬೆಟ್ಟವನ್ನು ನೆನೆದನು. ಪವಿತ್ರಕ್ಕೆ ಪವಿತ್ರವನ್ನೇ ಹೋಲಿಸಿದನು. ಅಪವಿತ್ರನಾದ ಅಲ್ಪನನ್ನು ಏನು ಮಾಡಬೇಕೆಂಬುದು ಆ ಮಾರ್ಗದ ಪ್ರಶ್ನೆಯಾಗಿರಲಿಲ್ಲ.

ಅದೇ ಕೊಪಣದ ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನ ಮೇಲೆಯೂ ರನ್ನನಿಗಿಂತ ಹನ್ನೆರಡು ಶತಮಾನಗಳಷ್ಟು ಹಿಂದೆ ಬೇರೊಂದು ಮಾತನ್ನು ಕೊರೆಯಲಾಗಿದ್ದಿತು. 1931ರಲ್ಲಿ ಬೆಳಕಿಗೆ ಬಂದ ಅಶೋಕನ ಆ ಶಾಸನಗಳಲ್ಲಿ ಅರಸನು, ತಾನು ಉಪಾಸಕನಾದ ಮೇಲೆಯೂ ಒಂದು ವರ್ಷಕಾಲ ಸಾಕಷ್ಟು ಶ್ರದ್ಧೆಯನ್ನು ತೋರಲಿಲ್ಲವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಪ್ರಯತ್ನದಿಂದ ಸ್ವರ್ಗವು ದೊರಕುವುದೆಂದು ಸಾರುತ್ತಾನೆ. ಈ ಜಿಲ್ಲೆಯ ಅತಿ ಪ್ರಾಚೀನವಾದ ಬರವಣಿಗೆಯು ಹೀಗೆ ಒಬ್ಬ ದೊಡ್ಡವನ ತಪ್ಪೊಪ್ಪಿಗೆಯೂ ಚಿಕ್ಕವರಿಗೆ ಕೊಟ್ಟ ಭರವಸೆಯೂ ಆಗಿದೆ. ಆದರೆ ಅಲ್ಲಿಯೂ ಪ್ರಯತ್ನವೆಂಬ ನಿಬಂಧನೆಯುಂಟು. ಲೂಕನ ಕಥೆಯು ಆ ನಿಬಂಧನೆಯನ್ನೂ ಕಿತ್ತುಹಾಕುತ್ತದೆ. ಅದರ ಕಷ್ಟವಿರುವುದು ಅಲ್ಲಿಯೇ.

ಕಥೆಯ ಮೊದಲ ಭಾಗವನ್ನು ಇಲ್ಲಿನ ವಾಚಕರು ಯೆಹೂದ್ಯರಿಗಿಂತ ಬೇರೆ ತೆರನಾಗಿ ಓದುವರು. ತಂದೆಯು ಬದುಕಿರುವಾಗಲೇ ಮಗನು ಪಾಲು ಕೇಳುವುದು ಯೆಹೂದ್ಯರ ಕಿವಿಗೆ, ತಂದೆಯು ಸತ್ತರೆ ಸಾಕೆಂಬ ಹಾಗೆ ಕೇಳಿಸಿದ್ದಿತೆಂದು ಪಂಡಿತರು ಹೇಳುತ್ತಾರೆ. ಕನ್ನಡ ನಾಡಿನಲ್ಲಿ ಅದು ಅಷ್ಟು ಅಪೂರ್ವವಾದ ಸಂಗತಿಯಲ್ಲ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ವಿಜ್ಞಾನೇಶ್ವರನ ಮಿತಾಕ್ಷರೆಯು ಸಾರಿದುದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ; ಅದೇ ಅರಸನ ದಂಡನಾಯಕನಾದ ಮಹಾದೇವನು 1112ರಲ್ಲಿ ಯಲಬುರ್ಗಾ ಸೀಮೆಯ ಇಟಗಿಯಲ್ಲಿ ದೇವಾಲಯಗಳ ಚಕ್ರವರ್ತಿಯೆನಿಸಿದ ಗುಡಿಯನ್ನು ಕಟ್ಟಿಸಿದನು. ಅಂದಿನಿಂದ ಪಾಲಿನ ಜಗಳಗಳು ಈ ನೆಲದಲ್ಲಿ ಗುಡಿಗಳಷ್ಟೇ ಗಟ್ಟಿಯಾಗಿ ನಿಂತಿವೆ. ಆದುದರಿಂದ ಇಲ್ಲಿನ ಓದುಗನು ಕಿರಿಯನ ಬೇಡಿಕೆಗೆ ಬೆಚ್ಚುವುದಿಲ್ಲ. ಅವನು ಬೆಚ್ಚುವುದು, ಪಾಲು ತೆಗೆದುಕೊಂಡು ಹೋದವನು ಮತ್ತೆ ಹೊಸ್ತಿಲಿಗೆ ಬಂದಾಗ. ಲೆಕ್ಕವು ಮುಗಿದುಹೋದ ಮೇಲೆ ಬಂದವನಿಗೆ ಆ ಮನೆಯಲ್ಲಿ ಏನಿದೆ? ಈ ಪ್ರಶ್ನೆಯನ್ನು ನೆನಪಿನಲ್ಲಿಡಬೇಕು. ಹಿರಿಯ ಮಗನು ಅದನ್ನು ಎತ್ತುವನು.

ಬರಗಾಲದ ಮಾತಿಗಂತೂ ಈ ಸೀಮೆಯಲ್ಲಿ ವ್ಯಾಖ್ಯಾನವು ಬೇಕಿಲ್ಲ. 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನು ಕಂಡ ನೆಲವಿದು. ಗುಳೆ ಹೋಗುವುದೆಂದರೇನೆಂದು ಕುಷ್ಟಗಿ ಯಲಬುರ್ಗಾಗಳಲ್ಲಿ ಯಾರೂ ಯಾರಿಗೂ ತಿಳಿಸಿ ಹೇಳಬೇಕಾಗಿಲ್ಲ. ದೂರದೇಶದಲ್ಲಿ ಕೈ ಬರಿದಾದ ಹೊತ್ತಿಗೆ ಬರವೂ ಬಂದಿತೆಂಬ ಜೋಡಣೆಯು ಕಥೆಗಾರನ ಕೈಚಳಕವಲ್ಲ. ಮನುಷ್ಯನ ತಪ್ಪು ಮತ್ತು ದೈವದ ಏಟು ಒಟ್ಟಿಗೆ ಬೀಳುವುದನ್ನು ಒಕ್ಕಲಿಗನು ಬಲ್ಲನು; ಯಾವುದು ಎಷ್ಟು ಪಾಲು ಎಂದು ಬಿಡಿಸಿ ಹೇಳಲು ಅವನು ಹೋಗುವುದಿಲ್ಲ. ಕಥೆಯೂ ಹೋಗುವುದಿಲ್ಲ.

ಇನ್ನು ಕಥೆಯ ನಡುಗಂಬವು. ಮಗನು ಇನ್ನೂ ಬಹುದೂರದಲ್ಲಿರುವಾಗಲೇ ತಂದೆಯು ಅವನನ್ನು ಕಂಡನು. ಈ ‘ಆಗಲೇ’ ಎಂಬುದರಲ್ಲಿ ಸಮಸ್ತವೂ ಇದೆ. ದೂರದಲ್ಲಿರುವವನ ಮುಖವು ಕಾಣದು. ಅದರಲ್ಲಿ ಪಶ್ಚಾತ್ತಾಪವಿದೆಯೋ ಕಪಟವಿದೆಯೋ ತಿಳಿಯದು. ಕಾಲಿಗೆ ಕೆರವಿದೆಯೋ ಇಲ್ಲವೋ ಎಂಬುದೂ ಕಾಣದು. ನಡಿಗೆಯೊಂದೇ ಕಂಡಿರಬೇಕು. ಗುಣವನ್ನು ಪರೀಕ್ಷಿಸಲು ಬೇಕಾದ ಯಾವ ಸಾಮಗ್ರಿಯೂ ಇಲ್ಲದಿರುವ ದೂರದಲ್ಲಿಯೇ ಕಥೆಗಾರನು ಕರುಣೆಯನ್ನು ಹುಟ್ಟಿಸುತ್ತಾನೆ. ಇದು ಬೇಕೆಂದೇ ಮಾಡಿದ ಏರ್ಪಾಡು. ಮಗನು ಹತ್ತಿರಕ್ಕೆ ಬಂದು, ಕಾಲಿಗೆ ಬಿದ್ದು, ಅತ್ತು, ಆ ಮೇಲೆ ತಂದೆಯ ಮನಸ್ಸು ಕರಗಿದ್ದಿದ್ದರೆ ಅದು ಒಂದು ಒಳ್ಳೆಯ ಕಥೆಯಾಗುತ್ತಿದ್ದಿತು. ಆದರೆ ಬೇರೆ ಕಥೆಯಾಗುತ್ತಿದ್ದಿತು. ಅಲ್ಲಿ ಕಣ್ಣೀರು ಬೆಲೆಯಾಗುತ್ತಿದ್ದಿತು, ಕ್ಷಮೆಯು ಸರಕಾಗುತ್ತಿದ್ದಿತು.

ಕಂಡ ತಂದೆಗೆ ಆದುದೇನು ಎಂಬುದಕ್ಕೆ ಕನ್ನಡದ ಭಾಷಾಂತರವು ಕನಿಕರವೆಂಬ ಮಾತನ್ನು ಬಳಸುತ್ತದೆ. ಮಾತು ಕೆಟ್ಟುದಲ್ಲ, ಆದರೆ ಕನಿಕರವು ಮೇಲಿನಿಂದ ಕೆಳಕ್ಕೆ ನೋಡುವ ಕಣ್ಣಿನದು, ಭಿಕ್ಷುಕನಿಗೂ ಸಲ್ಲುವುದು. ಮೂಲದ ಗ್ರೀಕ್ ಕ್ರಿಯಾಪದವು ಹುಟ್ಟಿದುದು ಒಡಲೊಳಗಿನ ಕರುಳೆಂಬ ಅರ್ಥದ ಶಬ್ದದಿಂದ. ಕನ್ನಡಕ್ಕಿಂತ ಇದಕ್ಕೆ ಅನುಕೂಲವಾದ ಭಾಷೆಯು ಯಾವುದಿದೆ? ಹೆತ್ತ ಕರುಳು, ಕರುಳ ಕುಡಿ, ಕರುಳಿನ ಕರೆ ಎಂದು ಆಡುವ ಜನರಿಗೆ ಆ ಗ್ರೀಕ್ ಶಬ್ದವು ಪರಕೀಯವೇ ಅಲ್ಲ. ಈ ಸೀಮೆಯ ಆಡುಮಾತಿನಲ್ಲಂತೂ ಕರುಳು ‘ಕಳ್ಳು’ ಆಗಿ, ನೆಂಟಸ್ತಿಕೆಯು ಕಳ್ಳುಬಳ್ಳಿಯಾಗಿದೆ. ತಂದೆಯ ಕಳ್ಳು ಚುರ್ರೆಂದಿತೆಂದು ಕುಷ್ಟಗಿಯ ಮುದುಕಿಯೊಬ್ಬಳು ಹೇಳಿದ್ದರೆ, ಗ್ರಿಯರ್ಸನ್ನನ ಸಂಪುಟಕ್ಕೆ ಮೂಲಕ್ಕೆ ಅತಿ ಸಮೀಪವಾದ ಭಾಷಾಂತರವು ದೊರೆಯುತ್ತಿದ್ದಿತು. ಕರುಳು ಪರೀಕ್ಷೆ ಮಾಡುವ ಅಂಗವಲ್ಲ. ಅದು ಗುಣವನ್ನು ಕಾಣುವುದಿಲ್ಲ, ತನ್ನದನ್ನು ಗುರುತಿಸುತ್ತದೆ. ಆ ಮೇಲೆ ತಂದೆಯು ಓಡಿದನು. ಮನೆಯ ಯಜಮಾನನಾದ ಮುದುಕನು ಎಲ್ಲರೂ ನೋಡುತ್ತಿರುವಾಗ ಬೀದಿಯಲ್ಲಿ ಓಡುವುದು ಅಲ್ಲಿಯೂ ಇಲ್ಲಿಯೂ ಮರ್ಯಾದೆಯ ನಡತೆಯಲ್ಲ.

ಮುಂದಿನ ಸೂಕ್ಷ್ಮವು ಅನೇಕರ ಕಣ್ಣಿಗೆ ಬಿದ್ದಿಲ್ಲ. ಹಂದಿಗಳ ನಡುವೆ ಕುಳಿತು ಮಗನು ತಂದೆಗೆ ಒಪ್ಪಿಸಬೇಕೆಂದು ಒಂದು ಮಾತನ್ನು ಕಟ್ಟಿಕೊಂಡಿದ್ದನು. ಅದಕ್ಕೆ ಮೂರು ಅಂಗಗಳು: ಪಾಪ ಮಾಡಿದೆನೆಂಬುದು ಒಂದು, ಮಗನೆನಿಸಿಕೊಳ್ಳಲು ಯೋಗ್ಯನಲ್ಲವೆಂಬುದು ಎರಡನೆಯದು, ಕೂಲಿಯಾಳಾಗಿ ಇಟ್ಟುಕೋ ಎಂಬುದು ಮೂರನೆಯದು. ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡುತ್ತಲೇ ಬಂದಿರಬೇಕು. ಆದರೆ ತಂದೆಯ ಎದುರಿನಲ್ಲಿ ಮೊದಲಿನ ಎರಡು ಮಾತ್ರ ಹೊರಡುತ್ತವೆ. ಮೂರನೆಯದು ಬರುವಷ್ಟರಲ್ಲಿ ತಂದೆಯು ಆಳುಗಳ ಕಡೆಗೆ ತಿರುಗಿ ನಿಲುವಂಗಿಯನ್ನೂ ಉಂಗುರವನ್ನೂ ಕೆರವನ್ನೂ ತರಿಸುತ್ತಿದ್ದಾನೆ. ಮಗನಿಗೆ ಉತ್ತರವನ್ನೇ ಕೊಡುವುದಿಲ್ಲ; ಕ್ಷಮಿಸಿದೆನೆಂಬ ಶಬ್ದವು ಕಥೆಯಲ್ಲಿ ಎಲ್ಲಿಯೂ ಇಲ್ಲ. ಮೂರನೆಯ ಅಂಗವೆಂದರೆ ಒಪ್ಪಂದ. ಕೂಲಿಗೆ ದುಡಿದು ತಿನ್ನುವೆನೆಂಬ ಮಾತಿನಲ್ಲಿ ಮಾನವಿದೆ, ನ್ಯಾಯವಿದೆ, ಸಾಲವನ್ನು ತೀರಿಸುವ ದಾರಿಯಿದೆ. ಆ ದಾರಿಯನ್ನೇ ತಂದೆಯು ಮುಚ್ಚಿಬಿಡುತ್ತಾನೆ. ಕರುಣೆಯನ್ನು ಪಡೆಯುವವನಿಗೂ ಅದು ಸುಲಭವಾದ ವಸ್ತುವಲ್ಲವೆಂಬುದನ್ನು ಹೇಳುವ ಈ ಮೌನವು, ಭಾವುಕವಾದ ಎಷ್ಟೋ ಸಂಧಾನದೃಶ್ಯಗಳಿಗಿಂತ ಮೇಲಾದುದು.

ಇಲ್ಲಿಗೆ ಕಥೆಯು ಮುಗಿದಿದ್ದರೆ ಅದು ಬೋಧಕರ ಸ್ವತ್ತಾಗಿಯೇ ಉಳಿಯುತ್ತಿದ್ದಿತು. ಹೊಲದಿಂದ ಹಿರಿಯ ಮಗನು ಬರುತ್ತಾನೆ. ವಾದ್ಯವನ್ನೂ ಕುಣಿತವನ್ನೂ ಕೇಳುತ್ತಾನೆ. ತನ್ನ ಮನೆಯಲ್ಲಿ ನಡೆಯುತ್ತಿರುವುದೇನೆಂದು ಆಳನ್ನು ಕೇಳಿ ತಿಳಿಯಬೇಕಾದ ದುರವಸ್ಥೆ ಅವನದು! ಅವನನ್ನು ಕರೆಯಲು ಹೊಲಕ್ಕೆ ಯಾರನ್ನೂ ಕಳುಹಿಸಿರಲಿಲ್ಲ. ಸಾಧಾರಣವಾಗಿ ಅವನನ್ನು ಹೊಟ್ಟೆಕಿಚ್ಚಿನವನೆಂದು ನಿಂದಿಸಿ ವ್ಯಾಖ್ಯಾನಕಾರರು ಮುಂದುವರಿಯುತ್ತಾರೆ. ಅದು ಅನ್ಯಾಯ. ಕಿರಿಯನ ಪಾಲು ಕೊಟ್ಟಾಗಿದೆ, ಉಳಿದುದೆಲ್ಲ ಹಿರಿಯನದು, ತಂದೆಯೇ ಅದನ್ನು ಆಮೇಲೆ ಬಾಯಿಬಿಟ್ಟು ಹೇಳುತ್ತಾನೆ. ಅಂದಮೇಲೆ ಆ ಕೊಬ್ಬಿದ ಕರು ಯಾರದು? ಉಂಗುರವು ಯಾರದು? ನಿಲುವಂಗಿಯು ಯಾರದು? ಮಿತಾಕ್ಷರೆಯ ನಾಡಿನವರು ಈ ಲೆಕ್ಕವನ್ನು ಒಂದು ಕ್ಷಣದಲ್ಲಿ ಮಾಡಬಲ್ಲರು. ತಂದೆಯ ಔದಾರ್ಯವು ಹಿರಿಯ ಮಗನ ಪಾಲಿನಿಂದ ವೆಚ್ಚವಾಗುತ್ತಿದೆ, ಅದೂ ಅವನನ್ನು ಒಂದು ಮಾತು ಕೇಳದೆ. ದೋಷಿಯಲ್ಲಿ ಒಳಿತನ್ನು ಕಾಣಬೇಕೆಂದು ಉಪದೇಶಿಸುವವರು ತಿರುಗಿ ನೋಡದೆ ಬಿಡುವುದು ಈ ಬದಿಯನ್ನು. ಕ್ಷಮೆಯ ಬೆಲೆಯನ್ನು ಕ್ಷಮಿಸುವವನೇ ತೆರುತ್ತಾನೆಂದು ಏನು ನಿಯಮ? ಎಷ್ಟೋ ಸಲ ಅದನ್ನು ತೆರುವವನು ಮೂರನೆಯವನು, ತಪ್ಪು ಮಾಡದೆ ಮನೆಯಲ್ಲಿ ದುಡಿದವನು.

ಆದರೂ ಕಥೆಗಾರನು ಹಿರಿಯನ ಪಕ್ಷವನ್ನೂ ಪೂರ್ತಿಯಾಗಿ ಹಿಡಿಯುವುದಿಲ್ಲ; ಅವನ ಬಾಯಿಂದಲೇ ಅವನನ್ನು ಸಿಕ್ಕಿಸುತ್ತಾನೆ. ಕಿರಿಯನು ದುಂದುಗಾರಿಕೆಯಲ್ಲಿ ಹಣವನ್ನು ಹಾಳುಮಾಡಿದನೆಂದು ಮಾತ್ರ ಕಥೆಗಾರನು ಹೇಳಿದ್ದನು. ಸೂಳೆಯರ ಮಾತು ಬರುವುದು ಹಿರಿಯನ ಬಾಯಲ್ಲಿ ಮೊದಲು. ದೂರದೇಶದ ಸಂಗತಿಯು ಇವನಿಗೆ ಹೇಗೆ ತಿಳಿಯಿತು? ಕಣ್ಣಿಗೆ ಕಾಣದುದನ್ನು ತುಂಬುವ ಕೆಲಸವನ್ನು ತಂದೆಯೂ ಮಾಡಿದನು, ಅಣ್ಣನೂ ಮಾಡಿದನು. ಒಬ್ಬನು ಕರುಳಿನಿಂದ ತುಂಬಿದನು, ಇನ್ನೊಬ್ಬನು ಕಸಿವಿಸಿಯಿಂದ. ಇನ್ನೊಂದು ಸೂಕ್ಷ್ಮವುಂಟು. ಅಣ್ಣನು ತಮ್ಮನನ್ನು ತಮ್ಮನೆನ್ನದೆ ತಂದೆಗೆ, ನಿನ್ನ ಮಗನೆಂದು ಹೇಳುತ್ತಾನೆ. ತಂದೆಯು ಆ ಮಾತನ್ನು ಹಾಗೆಯೇ ತಿರುಗಿಸಿ, ನಿನ್ನ ತಮ್ಮನೆಂದು ಹಿಂದಕ್ಕೆ ಕೊಡುತ್ತಾನೆ. ಗ್ರೀಕಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಅಣ್ಣತಮ್ಮಂದಿರಿಗೆ ಶಬ್ದವು ಒಂದೇ. ಕನ್ನಡದಲ್ಲಿ ಮಾತ್ರ ತಮ್ಮನೆಂಬ ಶಬ್ದದೊಳಗೇ ಅಣ್ಣನ ಹೊಣೆಯು ಅಡಗಿದೆ. ಭಾಷಾಂತರದಲ್ಲಿ ಅರ್ಥವು ಸೋರಿಹೋಗುವುದು ರೂಢಿ. ಈ ಒಂದೆಡೆಯಲ್ಲಿ ಅದು ಹೆಚ್ಚಿದೆ.

ಹಿರಿಯನು ಒಳಕ್ಕೆ ಹೋದನೇ? ಕಥೆಯು ಹೇಳುವುದಿಲ್ಲ. ತಂದೆಯು ಹೊರಗೆ ಬಂದು ಬೇಡಿಕೊಂಡನು, ಅಂಗಳದಲ್ಲಿ ಇಬ್ಬರೂ ನಿಂತಿದ್ದಾರೆ, ಒಳಗೆ ವಾದ್ಯವು ನುಡಿಯುತ್ತಿದೆ, ಅಷ್ಟೇ. ಯೇಸುವು ಪಾಪಿಗಳ ಜೊತೆಯಲ್ಲಿ ಕುಳಿತು ಉಣ್ಣುತ್ತಾನೆಂದು ಗೊಣಗಿದ ಫರಿಸಾಯರಿಗೆ ಈ ಕಥೆಯನ್ನು ಹೇಳಿದನೆಂದು ಲೂಕನು ಮೊದಲೇ ತಿಳಿಸಿದ್ದಾನೆ. ಹಿರಿಯ ಮಗನು ಕಥೆಯನ್ನು ಕೇಳುತ್ತಿರುವ ಸಭೆಯೇ ಆದುದರಿಂದ ಉತ್ತರವನ್ನು ಅವರೇ ಕೊಡಬೇಕಾಗಿದ್ದಿತು. ಅವನನ್ನು ಎಳೆದುಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸುವ ಉಪದೇಶಗಳೆಲ್ಲ ಕಥೆಯನ್ನು ಕೆಡಿಸುತ್ತವೆ.

ಕನ್ನಡದಲ್ಲಿ ಇದಕ್ಕೆ ಸಮನಾದುದೇನಾದರೂ ಇದೆಯೇ ಎಂದರೆ ರನ್ನ ನಾಗಚಂದ್ರರ ಕಡೆಗಲ್ಲ, ಶರಣರ ಕಥೆಗಳ ಕಡೆಗೆ ನೋಡಬೇಕು. ಬದನೆಕಾಯಿಗಳನ್ನು ಲಿಂಗವೆಂದು ಕೊರಳಿಗೆ ಕಟ್ಟಿಕೊಂಡು ಜಂಗಮರ ವೇಷದಲ್ಲಿ ಬಸವಣ್ಣನ ಮನೆಗೆ ನುಗ್ಗಿದ ಕಳ್ಳರ ಕಥೆಯು ಎಲ್ಲರಿಗೂ ತಿಳಿದುದು. ಬಸವಣ್ಣನು ಅವರನ್ನು ಶರಣರೆಂದೇ ನಂಬಿ ಪೂಜೆಗೆ ಕೂರಿಸಿದನು, ಬದನೆಕಾಯಿಗಳು ಲಿಂಗಗಳಾದುವು. ಇಲ್ಲಿಯೂ ನಂಬಿಕೆಯು ಗುಣಕ್ಕಿಂತ ಮುಂದೆ ನಡೆಯುತ್ತದೆ. ಕಳ್ಳರಲ್ಲಿದ್ದ ಒಳಿತನ್ನು ಬಸವಣ್ಣನು ಕಂಡುಹಿಡಿಯಲಿಲ್ಲ, ಅವನು ಕಂಡುದರಿಂದ ಅದು ಉಂಟಾಯಿತು. ಆದರೆ ಪವಾಡವು ಬಂದು ಎಲ್ಲವನ್ನೂ ಸರಿಪಡಿಸಿಬಿಡುವುದರಿಂದ ಮನೆಯಲ್ಲಿ ಕಳವಾದವರ ಮಾತು ಅಲ್ಲಿ ಏಳುವುದೇ ಇಲ್ಲ.

ಹೆಚ್ಚು ಆಳವಾದುದು ಹರಿಹರನ ನಂಬಿಯಣ್ಣನ ರಗಳೆ. ಗಂಗಾವತಿಯ ಆನೆಗೊಂದಿಯಿಂದ ಹೊಳೆಯನ್ನು ದಾಟಿದರೆ ಸಿಗುವ ಹಂಪೆಯಲ್ಲಿ, ವಿರೂಪಾಕ್ಷನ ಸನ್ನಿಧಿಯಲ್ಲಿ, 1200ರ ಸುಮಾರಿಗೆ ಬಾಳಿದ ಈ ಕವಿಯು ಆರಿಸಿಕೊಂಡ ನಾಯಕನು ಭೋಗಿ. ದೇವರ ಸಲಿಗೆಯನ್ನು ದುರುಪಯೋಗ ಮಾಡಿದವನು. ಪರವೆಯೆಂಬ ಹೆಂಡತಿಯಿರುವಾಗ ಸಂಕಿಲೆಯನ್ನು ಮದುವೆಯಾದವನು. ತಮಿಳಿನ ಪೆರಿಯ ಪುರಾಣವು ಹೇಳುವಂತೆ, ಸಂಕಿಲೆಯನ್ನು ಬಿಟ್ಟುಹೋಗೆನೆಂದು ಆಣೆಯಿಡುವ ಹೊತ್ತಿಗೆ ದೇವರನ್ನೇ ಗುಡಿಯಿಂದ ಹೊರಗೆ ಮರದಡಿಗೆ ಕಳುಹಿಸಿ ಆಣೆಯನ್ನು ಹಗುರಮಾಡಿಕೊಳ್ಳಲು ಹವಣಿಸಿದನು, ಆಣೆಯನ್ನು ಮುರಿದನು, ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಒಂದು ಕಣ್ಣು ಕಂಚಿಯಲ್ಲಿಯೂ ಇನ್ನೊಂದು ತಿರುವಾರೂರಿನಲ್ಲಿಯೂ ಹಿಂದಕ್ಕೆ ಬಂದುವು. ಇಲ್ಲಿ ದಂಡನೆಯೂ ಉಂಟು, ಕರುಣೆಯೂ ಉಂಟು. ಎರಡೂ ಒಬ್ಬನ ಕೈಯಿಂದಲೇ. ಲೂಕನ ತಂದೆಯು ದಂಡಿಸುವ ಕೆಲಸವನ್ನು ಬರಗಾಲಕ್ಕೆ ಬಿಟ್ಟಿದ್ದನು. ಶಿವನು ಹಾಗೆ ಬಿಡುವುದಿಲ್ಲ.

ಕಣ್ಣಿನ ಮಾತಿಗಿಂತ ಹೆಚ್ಚಿನದು ಬಾಗಿಲಿನ ಮಾತು. ಮುನಿದ ಪರವೆಯು ನಂಬಿಗೆ ಕದವನ್ನು ತೆರೆಯಳು. ಆಗ ದೇವರೇ ದೂತನಾಗಿ ನಡುರಾತ್ರಿಯಲ್ಲಿ ಅವಳ ಮನೆಗೆ ನಡೆಯುತ್ತಾನೆ. ಪುರಾಣದ ಪ್ರಕಾರ ಮೊದಲು ಬಂದಾಗ ಅವಳಿಂದ ನಿರಾಕರಣೆಯನ್ನು ಕೇಳಿ ಹಿಂದಿರುಗಿ, ಮತ್ತೊಮ್ಮೆ ಹೋಗುತ್ತಾನೆ. ಜಗತ್ತಿನ ಒಡೆಯನು ಭಕ್ತನನ್ನು ಕ್ಷಮಿಸಿದರೆ ಸಾಲದು. ನೊಂದ ಹೆಂಗಸಿನ ಬಾಗಿಲನ್ನು ತಟ್ಟಿ ಅವಳನ್ನು ಒಪ್ಪಿಸಬೇಕು. ಅವಳ ಪರವಾಗಿ ತಾನೇ ಕ್ಷಮಿಸಿಬಿಡುವ ಅಧಿಕಾರವು ದೇವರಿಗೂ ಇಲ್ಲವೆಂಬಂತೆ ಕಥೆಯು ನಡೆಯುತ್ತದೆ. ಹೊಲದಿಂದ ಬಂದ ಅಣ್ಣನಿಗೆ ದೊರೆಯದೆ ಹೋದ ಮರ್ಯಾದೆಯು ಪರವೆಗೆ ದೊರೆಯಿತು: ಅವಳನ್ನು ಕೇಳಲಾಯಿತು. ಸಂಕಿಲೆಯ ನೋವಿಗೆ ಇಂಥ ದೂತನು ಬರಲಿಲ್ಲವೆಂಬುದೂ ನಿಜವೇ, ರಗಳೆಯ ಸೊಬಗಿನಲ್ಲಿ

ಸಹೃದಯರು ಅದನ್ನು ಮರೆಯುತ್ತಾರೆ.

ಲೂಕನ ದೃಷ್ಟಾಂತಕ್ಕೆ ಹೀಗೆ ಒಂದು ಕೊರತೆಯನ್ನು ಹೇಳಿದಂತಾಯಿತು. ಆದರೆ ಅದೇ ಲೂಕನ ಪುಸ್ತಕದಲ್ಲಿ, ಎಂಟು ಅಧ್ಯಾಯಗಳ ಮುಂದೆ, ಆ ಕೊರತೆಗೆ ಉತ್ತರವಿದೆ. ಅದನ್ನು ಕನ್ನಡದ ಕಾವ್ಯವಸ್ತುವಾಗಿ ಆರಿಸಿದವರು ಮಂಜೇಶ್ವರದ ಗೋವಿಂದ ಪೈಗಳು. 1937ರಲ್ಲಿ ಪ್ರಕಟವಾದ ಅವರ ‘ಗೊಲ್ಗೊಥಾ’ ಯೇಸುವಿನ ಕಡೆಯ ದಿನವೊಂದನ್ನೇ ಹಿಡಿದುಕೊಂಡ ಖಂಡಕಾವ್ಯವು. 1946ರಲ್ಲಿ ಬಂದ ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಅದೇ ರೀತಿಯಾಗಿ ಹಿಡಿದರು. ಕ್ರೈಸ್ತರಲ್ಲದ ಕವಿಯೊಬ್ಬರು ಸುವಾರ್ತೆಯ ಅಷ್ಟು ಸಂಗತಿಗಳಲ್ಲಿ ಗುಡ್ಡದ ಮೇಲಿನ ಉಪದೇಶವನ್ನಾಗಲಿ, ಸೊಗಸಾದ ದೃಷ್ಟಾಂತಗಳನ್ನಾಗಲಿ ಆರಿಸದೆ ಮರಣದಿನವನ್ನು ಆರಿಸಿದುದು ಕಾವ್ಯದೃಷ್ಟಿಯಿಂದ ದೊಡ್ಡ ನಿರ್ಧಾರವು. ಅವರ ಶೈಲಿಯು ಕಠಿನವೆಂದು ದೂರುವವರುಂಟು. ಸಂಸ್ಕೃತದ ಸಮಾಸಗಳೂ ಅಪೂರ್ವವಾದ ಹಳಗನ್ನಡ ಶಬ್ದಗಳೂ ಓದುಗನನ್ನು ತಡೆದು ನಿಲ್ಲಿಸುವುದು ಸುಳ್ಳಲ್ಲ. ಆದರೆ ಈ ವಸ್ತುವಿಗೆ ತಡೆದು ನಡೆಯುವ ನಡಿಗೆಯು ಅನುಚಿತವಲ್ಲ. ಶಿಲುಬೆಯನ್ನು ಹೊತ್ತವನ ಹಿಂದೆ ಓಡಿಹೋಗಲಾಗದು.

ಕಡೆಯ ದಿನದಲ್ಲಿ ಬೇರೆಯವರ ಪಾಲಿನಿಂದ ಕ್ಷಮೆಯು ವೆಚ್ಚವಾಗುವುದಿಲ್ಲವೆಂಬುದೇ ಈ ಆಯ್ಕೆಯ ಸಾರ್ಥಕತೆ. ಮೊಳೆ ಹೊಡೆಯುವವರನ್ನು ಕ್ಷಮಿಸೆಂದು ಬೇಡುವವನು ಮೊಳೆ ಹೊಡೆಯಿಸಿಕೊಂಡವನೇ. ನೊಂದವನೂ ಕ್ಷಮಿಸುವವನೂ ಒಬ್ಬನೇ ಆದಾಗ ಹಿರಿಯ ಮಗನ ಆಕ್ಷೇಪಕ್ಕೆ ಎಡೆಯುಳಿಯುವುದಿಲ್ಲ. ದೃಷ್ಟಾಂತವನ್ನು ಹೇಳಿದವನು ತಾನು ಹೇಳಿದುದರ ಬೆಲೆಯನ್ನು ಅಲ್ಲಿ ತನ್ನ ಕೈಯಿಂದಲೇ ತೆತ್ತನು. ಅಲ್ಲಿಯೂ ಅವನು ಕೊಲ್ಲುವವರಲ್ಲಿ ಒಳಿತಿದೆಯೆಂದು ಹೇಳುವುದಿಲ್ಲ. ತಾವು ಮಾಡುತ್ತಿರುವುದೇನೆಂದು ಅವರು ಅರಿಯರೆಂದಷ್ಟೇ ಹೇಳುತ್ತಾನೆ. ಇದು ಹೊಗಳಿಕೆಯಲ್ಲ.

ಆ ಗುಡ್ಡದ ಮೇಲೆ ಒಳಿತನ್ನು ಕಂಡವನು ಬೇರೊಬ್ಬನಿದ್ದನು. ಯೇಸುವಿನ ಎರಡು ಪಕ್ಕದಲ್ಲಿಯೂ ಇಬ್ಬರು ಅಪರಾಧಿಗಳನ್ನು ಶಿಲುಬೆಗೇರಿಸಿದ್ದರು. ಮತ್ತಾಯನೂ ಮಾರ್ಕನೂ ಇಬ್ಬರೂ ಅವನನ್ನು ಹಂಗಿಸಿದರೆಂದು ಬರೆದು ಸುಮ್ಮನಾಗುತ್ತಾರೆ. ಲೂಕನೊಬ್ಬನು ಅವರನ್ನು ಬೇರ್ಪಡಿಸುತ್ತಾನೆ. ಒಬ್ಬನು ಹಂಗಿಸಿದನು, ಇನ್ನೊಬ್ಬನು ಅವನನ್ನು ಗದರಿಸಿ, ತಮಗಿಬ್ಬರಿಗೂ ಬಂದುದು ತಕ್ಕ ಶಿಕ್ಷೆಯೆಂದೂ ನಡುವಿನವನು ನಿರಪರಾಧಿಯೆಂದೂ ನುಡಿದನು. ಆ ಹೊತ್ತಿನಲ್ಲಿ ಶಿಷ್ಯರು ಚದುರಿದ್ದರು, ಪೇತ್ರನು ಅವನನ್ನು ಅರಿಯೆನೆಂದು ಹೇಳಿಯಾಗಿದ್ದಿತು, ಆಳುವವರೂ ಸೈನಿಕರೂ ನಗುತ್ತಿದ್ದರು. ರಾಜ್ಯಕ್ಕೆ ಬಂದಾಗ ತನ್ನನ್ನು ನೆನೆಸಿಕೋ ಎಂದು, ರಾಜ್ಯದ ಒಂದು ಕುರುಹೂ ಕಾಣದೆ ರಕ್ತ ಸುರಿಯುತ್ತಿದ್ದ ಆ ಮನುಷ್ಯನನ್ನು ಕೇಳಿಕೊಂಡವನು ಆ ಕಳ್ಳನು. ಅವನು ಯಾರ ಮನೆಯನ್ನು ಕದ್ದನೆಂದು ಲೂಕನು ಹೇಳುವುದಿಲ್ಲ. ಆ ಮನೆಯವರು ಗುಡ್ಡದ ಕೆಳಗೆ ನೆರೆದ ಗುಂಪಿನಲ್ಲಿ ನಿಂತು ಇದನ್ನು ಕೇಳಿದರೋ ಇಲ್ಲವೋ ಎಂಬುದನ್ನೂ ಹೇಳುವುದಿಲ್ಲ.